ಎರಡು ಸ್ಕೂಲುಗಳ ತಖ್ತೆ

ನಮ್ಮ ತಂದೆ ಸರ್ಕಾರಿ ಸ್ಕೂಲಿನ ಮೇಷ್ಟರು. ಅವರಿಗೆ ಎಲ್ಲಿಗೆ ವರ್ಗವಾದರೆ ನಮ್ಮ ಪಾತ್ರೆಪಡಗವೂ ಅಲ್ಲಿಗೆ. ನಾನು ಅಕ್ಷರ ತಿದ್ದಿದ್ದು ನ್ಯಾಮತಿಯಲ್ಲಿ, ಪ್ರೈಮರಿ ಮುಗಿಸಿದ್ದು ಹೊನ್ನಾಳಿಯಲ್ಲಿ. ಹೀಗಾಗಿ ಒಂದು ಸ್ಕೂಲನ್ನು ಇನ್ನೊಂದರ ಪಕ್ಕದಲ್ಲಿಟ್ಟು ನೋಡುವುದು ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತಾಗಿತ್ತು. ನ್ಯಾಮತಿ ಸ್ಕೂಲಿನ ಬಾವಿ ನೀರು ಸಿಹಿ ಎಂದು ಅಮ್ಮ ಅಂದರೆ, ಹೊನ್ನಾಳಿಯಲ್ಲಿ ಕಿಟಕಿ ಪಕ್ಕ ಕೂತರೆ ಹೊಳೆಯ ಗಾಳಿ ಬರುತ್ತಿತ್ತು ಎಂದು ನಾನು ಅನ್ನುತ್ತಿದ್ದೆ. ತಂದೆ ಮಾತ್ರ, "ಹುಡುಗ್ರು ಹೆಂಗಿದ್ರು ಅದನ್ನ ಹೇಳ್ರಿ. ಬಾವಿ ಕಟ್ಕೊಂಡು ನನಗೇನು, ಗಾಳಿ ಕಟ್ಕೊಂಡು ನನಗೇನು" ಎನ್ನುತ್ತಿದ್ದರು. ಇದೇ ಮನುಷ್ಯ ಮುಂದೆ ಬಾವಿ, ಗೋಡೆ, ಹೆಂಚು ಎಲ್ಲವನ್ನೂ ಪಟ್ಟಿ ಮಾಡಿ ತಮ್ಮದೇ ಸ್ಕೂಲನ್ನು ಮುಚ್ಚಿಸಿದರು. ಆ ಪಟ್ಟಿ ಬರೆದ ಕೈ ನನ್ನದು.

ಹೊನ್ನಾಳಿಯಿಂದ ಅವರಿಗೆ ಚನ್ನಗಿರಿ ತಾಲ್ಲೂಕಿನ ಒಂದು ಹಳ್ಳಿಯ ಮಿಡ್ಲ್ ಸ್ಕೂಲಿಗೆ ಹೆಡ್‌ಮಾಸ್ತರಾಗಿ ವರ್ಗವಾಯಿತು. ತ್ಯಾವಣಿಗೆಗೆ ನಡೆದೇ ಹೋಗಿ ಸಾಮಾನು ತರಬಹುದಾದಷ್ಟು ಹತ್ತಿರದ ಊರು. ಸೂಳೆಕೆರೆಯ ನಾಲೆ ಊರ ಬದಿಯಲ್ಲೇ ಹರಿಯುತ್ತಿತ್ತು. ಭತ್ತ ಚೆನ್ನಾಗಿ ಬೆಳೆಯುತ್ತಿತ್ತು, ಸೊಳ್ಳೆಯೂ ಅಷ್ಟೇ ಚೆನ್ನಾಗಿ ಬೆಳೆಯುತ್ತಿತ್ತು. ವರ್ಷಕ್ಕೊಮ್ಮೆ ಚಳಿಜ್ವರ ಹಿಡಿಯದ ಮನೆ ಅಲ್ಲಿ ಇರಲಿಲ್ಲ. ಊರಿನ ಹೆಸರು ನಾನು ಬರೆಯುವುದಿಲ್ಲ. ಅಲ್ಲಿನ ಕೆಲವರು ಇನ್ನೂ ಇದ್ದಾರೆ.

ಸ್ಕೂಲು ನಡೆಯುತ್ತಿದ್ದದ್ದು ಯಾರೋ ಹಿಂದೆ ಕಾಳು ತುಂಬಿಡುತ್ತಿದ್ದ ಒಂದು ಮಣ್ಣಿನ ಮನೆಯಲ್ಲಿ. ಅರ್ಧ ಹೆಂಚು, ಅರ್ಧ ಹುಲ್ಲು. ಬೆಂಚಿಲ್ಲ, ಗೋಣಿತಾಟು. ಕಪ್ಪುಹಲಗೆಯ ನಡುವೆ ಉದ್ದಕ್ಕೆ ಸೀಳು ಬಿಟ್ಟಿತ್ತು. ಸೀಳಿನ ಎಡಕ್ಕೆ ಮೊದಲ ವರ್ಷದವರ ಲೆಕ್ಕ, ಬಲಕ್ಕೆ ದೊಡ್ಡವರ ಲೆಕ್ಕ. ತಂದೆಯ ಜೊತೆ ಇನ್ನೊಬ್ಬ ಸಹಾಯಕ ಮೇಷ್ಟರಿದ್ದರು. ಅವರು ತಿಂಗಳಲ್ಲಿ ಹತ್ತು ದಿನ ಜ್ವರದಲ್ಲಿ ಮಲಗಿರುತ್ತಿದ್ದರು.

ಆ ಸೀಮೆಯಲ್ಲಿ ಹೆಣ್ಣುಮಕ್ಕಳು ಪ್ರೈಮರಿ ನಾಲ್ಕನೆಯ ಕ್ಲಾಸಿಗೆ ಬಂದರೆ ಅದೇ ಹೆಚ್ಚು. ತಂದೆ ಬಂದ ವರ್ಷವೇ ಮನೆಮನೆಗೆ ಹೋಗಲು ಶುರು ಮಾಡಿದರು. ಜಗಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಕೊನೆಗೆ ನನ್ನನ್ನು ಮುಂದೆ ನಿಲ್ಲಿಸುತ್ತಿದ್ದರು. "ಇವಳು ನನ್ ಮಗಳು. ಇವಳೂ ಅಲ್ಲೇ ಓದ್ತಾಳೆ. ನಿಮ್ ಮಗಳು ಇವಳ ಪಕ್ಕದಾಗೆ ಕೂರ್ತಾಳೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳ್ರಿ." ಮೂರು ವರ್ಷದಲ್ಲಿ ನನ್ನನ್ನೂ ಸೇರಿಸಿ ಏಳು ಹುಡುಗಿಯರಾದೆವು. ಇಡೀ ತಾಲ್ಲೂಕಿನಲ್ಲಿ ಬೇರೆ ಯಾವ ಹಳ್ಳಿಯ ಮಿಡ್ಲ್ ಸ್ಕೂಲಿನಲ್ಲಿ ಏಳು ಹುಡುಗಿಯರಿದ್ದರೋ ನನಗೆ ಗೊತ್ತಿಲ್ಲ.

ಆ ಏಳರಲ್ಲಿ ಒಬ್ಬಳು ಕುರಿ ಸಾಕುವವರ ಮಗಳು, ನನ್ನ ಕ್ಲಾಸಿನವಳೇ. ಬೆಳಗ್ಗೆ ಹಟ್ಟಿ ಗುಡಿಸಿ, ಮರಿಗಳನ್ನು ಕಟ್ಟಿ ಬರುವಷ್ಟರಲ್ಲಿ ಮೊದಲ ಗಂಟೆ ಹೊಡೆದುಬಿಟ್ಟಿರುತ್ತಿತ್ತು. ಅವಳಪ್ಪ ಸೇರಿಸುವಾಗಲೇ ಕೇಳಿಕೊಂಡಿದ್ದ: "ತಡ ಆದ್ರೆ ಹೊಡೀಬ್ಯಾಡ್ರಿ ಮೇಷ್ಟ್ರೇ. ಕೆಲಸ ಐತೆ ಅದಕ್ಕೆ." ಹೊಡೆಯುವ ಪ್ರಸಂಗವೇ ಬರಲಿಲ್ಲ. ಒಂದು ದಿನ ತಂದೆ ಹಲಗೆಯ ಮೇಲೆ ಇಷ್ಟು ಆಳು ಇಷ್ಟು ದಿನದಲ್ಲಿ ಇಷ್ಟು ಉದ್ದದ ಗೋಡೆ ಕಟ್ಟಿದರೆ ಎಂಬ ಲೆಕ್ಕ ಬರೆಯುತ್ತಿದ್ದರು. ಬರೆದು ಮುಗಿಸುವ ಮೊದಲೇ ಅವಳು ಉತ್ತರ ಹೇಳಿದಳು. ತಂದೆ ಸೀಮೆಸುಣ್ಣ ಹಿಡಿದುಕೊಂಡೇ ತಿರುಗಿದರು.

"ಹೆಂಗೆ ಬಂತು?"

"ಗೋಡೇನ ಮನಸ್ನಾಗೆ ಕಟ್ಟಿದೆ ಸಾರ್."

ಅಂದಿನಿಂದ ತಂದೆ ಅವಳಿಗೆ ಸ್ಕೂಲು ಬಿಟ್ಟ ಮೇಲೆ ಒಂದು ಗಂಟೆ ಬೇರೆ ಲೆಕ್ಕ ಹೇಳಿಕೊಡತೊಡಗಿದರು. ನಾನು ಪಕ್ಕದಲ್ಲಿ ಕೂತಿರುತ್ತಿದ್ದೆ. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ತಿಳಿಯುತ್ತಿರಲಿಲ್ಲ. ತಂದೆಯ ಮುಖದಲ್ಲಿ ಅವಳಿಗಾಗಿ ಬರುತ್ತಿದ್ದ ಬೆಳಕು ನನಗಾಗಿ ಬಂದದ್ದನ್ನು ನಾನು ಕಾಣಲಿಲ್ಲ. ಅವಳು ನನ್ನ ಗೆಳತಿ, ನನ್ನ ಜಡೆ ಹೆಣೆಯುತ್ತಿದ್ದವಳು, ಬುತ್ತಿಯ ರೊಟ್ಟಿ ಮುರಿದು ಕೊಡುತ್ತಿದ್ದವಳು. ಆದರೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ಮುಂದಿನದನ್ನು ಹೇಳುವ ಮೊದಲು ಇದನ್ನು ಹೇಳಿಬಿಡಬೇಕು.

ಎರಡನೆಯ ಮಹಾಯುದ್ಧ ಶುರುವಾಗಿ ಎಲ್ಲಕ್ಕೂ ಕೊರತೆ ಬಿದ್ದಿತ್ತು. ಸೀಮೆಎಣ್ಣೆ ಇಲ್ಲ, ಕಾಗದ ಇಲ್ಲ, ಹೊಸ ಮೇಷ್ಟರ ನೇಮಕ ಇಲ್ಲ. ಆ ಸುಗ್ಗಿಯ ಹೊತ್ತಿಗೆ ಸ್ಕೂಲುಗಳನ್ನು ನೋಡಿಕೊಳ್ಳುವ ಇನ್ಸ್‌ಪೆಕ್ಟರು ಊರಿಗೆ ಬಂದರು. ನಮ್ಮೂರಲ್ಲೊಂದು ಮಿಡ್ಲ್ ಸ್ಕೂಲು, ನಾಲೆ ದಾಟಿ ನಾಲ್ಕು ಮೈಲಿ ಹೋದರೆ ಆಚೆ ಊರಲ್ಲೊಂದು. ಇಷ್ಟು ಹತ್ತಿರ ಎರಡು ಬೇಡ, ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬರೀ ಪ್ರೈಮರಿ ಮಾಡಬೇಕು ಎಂದು ಮೇಲಿನವರು ಹೇಳಿದ್ದರಂತೆ. ಎರಡನ್ನೂ ಹೋಲಿಸಿ ಒಂದು ತಖ್ತೆ ಕಳಿಸಬೇಕಾಗಿತ್ತು. ತಖ್ತೆ ಎಂದರೆ ಗೆರೆ ಎಳೆದು, ಕಾಲಂ ಮಾಡಿ, ಒಂದೊಂದರಲ್ಲಿ ಒಂದೊಂದು ವಿವರ ತುಂಬುವ ದೊಡ್ಡ ಹಾಳೆ. ಇನ್ಸ್‌ಪೆಕ್ಟರು ನಮ್ಮ ಸ್ಕೂಲನ್ನು ನೋಡಿದ ಸಂಜೆಯೇ ಚಳಿಜ್ವರ ಹಿಡಿದು ನಮ್ಮ ಪಡಸಾಲೆಯಲ್ಲಿ ಮಲಗಿದರು. ಎರಡು ದಿನ ಅಮ್ಮ ಗಂಜಿ ಕಾಸಿ ಕೊಟ್ಟಳು. ಮೂರನೆಯ ದಿನ ಗಾಡಿ ಹತ್ತುವ ಮುಂಚೆ ಅವರು ತಂದೆಗೆ ಹೇಳಿದರು:

"ಆಚೆ ಊರಿಗೆ ಹೋಗೋ ಶಕ್ತಿ ನನಗಿಲ್ಲ. ನೀವೇ ನೋಡಿಕೊಂಡು ಬಂದು ಎರಡರದೂ ತಖ್ತೆ ಮಾಡಿ ಕಳಿಸಿ. ನಾನು ಸಹಿ ಹಾಕ್ತೀನಿ."

"ನನ್ನ ಸ್ಕೂಲಿನ ವಿಷಯ ನಾನೇ ಬರೆಯೋದು ಸರಿ ಹೋಗಲ್ಲ ಸಾರ್."

"ಬೇರೆಯವರಿಗಾದ್ರೆ ನಾನೂ ಹೇಳ್ತಿರಲಿಲ್ಲ. ನೀವು ಅನ್ನೋದಕ್ಕೇ ಹೇಳ್ತಿದ್ದೀನಿ."

ಆ ಮಾತು ತಂದೆಗೆ ಹಿಡಿದುಬಿಟ್ಟಿತು. ಅವರು ಹೊಗಳಿಕೆಗೆ ಉಬ್ಬುವವರಲ್ಲ. ಇದು ಹೊಗಳಿಕೆಯ ಹಾಗೆ ಅಲ್ಲ, ಹೊರೆಯ ಹಾಗೆ ಅವರ ಮೇಲೆ ಕೂತಿತು.

ಸುದ್ದಿ ಊರಿಗೆಲ್ಲ ಹರಡಿತು. ಗೆಳತಿಯ ಅಪ್ಪ ಮರುದಿನ ಬೆಳಗ್ಗೆ ಬಂದ. ಕಂಬಳಿ ಹೆಗಲಿಂದ ತೆಗೆದು ಮಡಚಿ ಪಕ್ಕಕ್ಕಿಟ್ಟು ಜಗಲಿಯ ತುದಿಯಲ್ಲಿ ಕೂತ.

"ಮೇಷ್ಟ್ರೇ, ಈಗ ಸುಗ್ಗಿ ಐತೆ. ಹುಡುಗ್ರು ಕಣದಾಗೆ ಅದಾವೆ. ಇನ್ನರ್ಧ ಜ್ವರದಾಗೆ ಮಲಗ್ಯಾವೆ. ಸಂಕ್ರಾಂತಿ ಕಳೀಲಿ, ಎಲ್ಲಾ ಬರ್ತಾವೆ. ಅವನ್ನೂ ಸೇರಿಸಿ ಬರೀರಿ."

"ಬರೆಯಾಕೆ ಆಗಲ್ಲಪ್ಪ. ನೋಡಿದ ದಿನ ಎಷ್ಟು ಮಂದಿ ಕೂತಿದ್ರು ಅನ್ನೋದು ಕೇಳ್ಯಾರೆ. ಕೂತಿದ್ದಷ್ಟೇ ಬರೀಬೇಕು."

"ನಾವೇನ್ ಸುಳ್ ಹೇಳ್ತಿಲ್ಲ. ಇರೋ ಹುಡುಗ್ರನ್ನೇ ಬರೀರಿ ಅಂತೀವಿ."

"ಗೊತ್ತು. ಆದ್ರೂ ಆಗಲ್ಲ."

ಅವನು ಕಂಬಳಿ ಹೆಗಲಿಗೇರಿಸಿಕೊಂಡು ಎದ್ದು ಹೋದ. ಅಮ್ಮ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಆ ದಿನ ಅವಳು ತಂದೆಯ ಜೊತೆ ಮಾತಾಡಲಿಲ್ಲ.

ನನ್ನ ಅಕ್ಷರ ದುಂಡಗಿತ್ತು. ಮೇಲಕ್ಕೆ ಹೋಗುವ ಕಾಗದಗಳನ್ನೆಲ್ಲ ತಂದೆ ನನ್ನಿಂದಲೇ ಬರೆಸುತ್ತಿದ್ದರು. ಆಚೆ ಊರಿಗೆ ಹೋಗುವಾಗಲೂ ವಿವರ ಗುರುತು ಹಾಕಿಕೊಳ್ಳಲು ನನ್ನನ್ನು ಕರೆದುಕೊಂಡು ಹೋದರು. ಎತ್ತಿನ ಗಾಡಿ ನಾಲೆಯ ಏರಿ ಹತ್ತಿ, ಇಳಿದು, ಒಂದು ಹಳ್ಳ ದಾಟಿತು. ಆ ದಿನ ಹಳ್ಳದಲ್ಲಿ ನೀರು ಗಾಲಿಯ ಅಡಿ ನೆನೆಯುವಷ್ಟೇ ಇತ್ತು.

ಆಚೆ ಊರಿನ ಸ್ಕೂಲೇ ಬೇರೆ. ಊರಿನ ಸಾಹುಕಾರರೊಬ್ಬರು ತಮ್ಮ ತಾಯಿಯ ನೆನಪಿಗೆ ಕಟ್ಟಿಸಿಕೊಟ್ಟ ಕಲ್ಲಿನ ಕಟ್ಟಡ. ಮಂಗಳೂರು ಹೆಂಚು. ನಾಲ್ಕು ಕಿಟಕಿ, ಕಿಟಕಿಗೆ ಬಾಗಿಲು. ಬೆಂಚುಗಳು, ಹಿಂದೂಸ್ಥಾನದ ನಕ್ಷೆ, ತಿರುಗಿಸಿದರೆ ತಿರುಗುವ ಒಂದು ಭೂಗೋಳ. ಆ ಭೂಗೋಳವನ್ನು ಮುಟ್ಟಿ ನೋಡಿದೆ, ಬೆರಳಿಗೆ ಧೂಳು ಹತ್ತಿತು. ಅಲ್ಲಿಯ ಹೆಡ್‌ಮಾಸ್ತರು ತಂದೆಯ ಜೊತೆ ಟ್ರೈನಿಂಗ್ ಮಾಡಿದವರು, ತೆಳ್ಳಗಿನ ಮನುಷ್ಯ. ನಮ್ಮನ್ನು ಬಾಗಿಲಲ್ಲೇ ಕೈಮುಗಿದು ಬರಮಾಡಿಕೊಂಡರು. ಅವರ ಮನೆ ಸ್ಕೂಲಿಗೆ ಹೊಂದಿಕೊಂಡೇ ಇತ್ತು. ಒಳಗಿನಿಂದ ಹಸುಗೂಸು ಅಳುವುದು ಕೇಳುತ್ತಿತ್ತು.

"ಎಂಟು ದಿನ ಆಯ್ತು. ಐದನೇದು" ಎಂದರು. ಆಮೇಲೆ ತಾವಾಗಿಯೇ, "ಈ ಸ್ಕೂಲು ಹೋದ್ರೆ ನನ್ನನ್ನ ಜಗಳೂರು ಕಡೆ ಹಾಕ್ತಾರಂತೆ. ಬಾಣಂತೀನ ಕಟ್ಕೊಂಡು ಆ ನೀರಿಲ್ಲದ ಸೀಮೆಗೆ ಹೆಂಗೆ ಹೋಗ್ಲಿ ಹೇಳ್ರಿ" ಎಂದರು.

ಬೆಂಚುಗಳ ತುಂಬ ಹುಡುಗರಿದ್ದರು. ಒಂದು ಹುಡುಗಿಯೂ ಇರಲಿಲ್ಲ. ತಂದೆ ಒಬ್ಬೊಬ್ಬರ ತಲೆಯ ಮೇಲೂ ಕಣ್ಣು ಇಟ್ಟು ಎಣಿಸಿದರು. ನಲವತ್ತೊಂದು. ಹಾಜರಿ ಪುಸ್ತಕ ತೆಗೆಸಿ ನೋಡಿದರು, ಅಲ್ಲಿಯೂ ನಲವತ್ತೊಂದು. ನಮ್ಮ ಸ್ಕೂಲಿನಲ್ಲಿ ಇನ್ಸ್‌ಪೆಕ್ಟರು ಬಂದ ದಿನ ಕೂತಿದ್ದವರು ಹತ್ತೊಂಬತ್ತು ಮಂದಿ. ಹುಡುಗರು ಬಹಳ ಚಿಕ್ಕವರಾಗಿ ಕಂಡರು, ಬಹಳ ಸುಮ್ಮನೆ ಕೂತಿದ್ದರು. ತಂದೆ ಯಾರಿಗೂ ಪ್ರಶ್ನೆ ಕೇಳಲಿಲ್ಲ. ತಖ್ತೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ನಾನು ನೀರು ಕುಡಿಯಲು ಕಟ್ಟಡದ ಹಿಂದಕ್ಕೆ ಹೋದೆ. ಗೋಡೆಯ ಮರೆಯಲ್ಲಿ ಇಬ್ಬರು ಹುಡುಗರು ಮಾತಾಡುತ್ತಿದ್ದರು.

"ನಮ್ಮನ್ನ ಯಾವಾಗ ಬಿಡ್ತಾರಲೇ?"

"ಆ ಮೇಷ್ಟ್ರು ಹೋದ್ಮ್ಯಾಲೆ. ಅಲ್ಲೀಗಂಟ ದೊಡ್ಡ ಕ್ಲಾಸ್ನಾಗೆ ಕುಂದ್ರಬೇಕಂತೆ. ನಾಳಿಂದ ಮತ್ತೆ ನಮ್ ಮೂರನೇ ಕ್ಲಾಸಿಗೇ ಹೋಗಾದು."

ನಾನು ನೀರು ಕುಡಿಯದೆ ವಾಪಸು ಬಂದೆ. ಅಲ್ಲಿ ಹೇಳಲು ಬಾಯಿ ಬರಲಿಲ್ಲ. ಗಾಡಿ ಹಳ್ಳ ದಾಟಿದ ಮೇಲೆ ತಂದೆಗೆ ಹೇಳಿದೆ. ಅವರು ನನ್ನ ಕಡೆ ನೋಡಲಿಲ್ಲ, ಎತ್ತಿನ ಬೆನ್ನು ನೋಡುತ್ತಿದ್ದರು.

"ನೀನು ಕೇಳಿಸ್ಕೊಂಡದ್ದನ್ನ ನಾನು ಬರೆಯಾಕೆ ಬರಲ್ಲ. ನನ್ನ ಕಣ್ಣಿಗೆ ನಲವತ್ತೊಂದು ಕಂಡಾವೆ. ರಿಜಿಸ್ಟರಿನಾಗೂ ಅಷ್ಟೇ ಐತೆ."

"ವಾಪಸ್ ಹೋಗಿ ಕೇಳೋಣಪ್ಪ. ಒಂದು ಪಾಠ ಓದಿಸಿ ನೋಡೋಣ."

"ಎಂಟು ದಿನದ ಬಾಣಂತಿ ಮನೆಗೆ ಹೋಗಿ, ನಿನ್ನ ಗಂಡ ಕಳ್ಳ ಅಂತ ಹೇಳಾಕೆ ಹೋಗ್ಲೇನೆ ನಾನು?"

ನಾನು ಅಳಲು ಶುರು ಮಾಡಿದೆ. ಅವರು ಗಾಡಿ ನಿಲ್ಲಿಸಲಿಲ್ಲ. ಅವರಿಗೂ ಅನುಮಾನವಿತ್ತು ಎಂದು ನನಗೆ ಆಗಲೇ ತಿಳಿಯಿತು. ಆದರೆ ತಮ್ಮ ಸ್ಕೂಲು ಉಳಿಸಿಕೊಳ್ಳುವುದಕ್ಕಾಗಿ ತಾವು ಅನುಮಾನ ಪಡುತ್ತಿರಬಹುದೇನೋ ಎಂಬ ಇನ್ನೊಂದು ಅನುಮಾನ, ಮೊದಲನೆಯದರ ಕತ್ತು ಹಿಸುಕುತ್ತಿತ್ತು. ಅದು ನನಗೆ ಅರ್ಥವಾಗಲು ವರ್ಷಗಳು ಬೇಕಾದವು.

ಮರುದಿನ ಮಧ್ಯಾಹ್ನ ತಂದೆ ಕರಡು ಬರೆದರು. ಕಟ್ಟಡ, ನೆಲ, ಬೆಂಚು, ನಕ್ಷೆ, ನೀರಿನ ಅನುಕೂಲ, ರಸ್ತೆಯಿಂದ ದೂರ, ನೋಡಿದ ದಿನದ ಹಾಜರಿ. ಒಂದೊಂದರಲ್ಲೂ ಆಚೆ ಊರಿನದು ಮುಂದೆ, ನಮ್ಮದು ಹಿಂದೆ. ನಮ್ಮ ಸ್ಕೂಲಿನ ಮಾಡು ಸೋರುತ್ತದೆ ಎಂದು ಬರೆದರು. ಹಲಗೆ ಸೀಳಿದೆ ಎಂದೂ ಬರೆದರು.

"ಹುಡುಗೀರಿಗೆ ಕಾಲಂ ಇಲ್ವಾ?" ಎಂದು ಕೇಳಿದೆ.

ಅವರು ಕೆಳಗೆ ಷರಾ ಬರೆಯುವ ಜಾಗದಲ್ಲಿ ಎರಡು ಸಾಲು ಸೇರಿಸಿದರು: ಈ ಶಾಲೆಯಲ್ಲಿ ಏಳು ಬಾಲಕಿಯರು ಓದುತ್ತಿದ್ದಾರೆ, ನಾಲ್ಕು ಮೈಲಿ ನಡೆದು ಹಳ್ಳ ದಾಟಿ ಆಚೆ ಊರಿಗೆ ಹೋಗುವುದು ಇವರಿಗೆ ಸಾಧ್ಯವಾಗಲಾರದು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ಹೋಗಿ ಮಸಿಕುಡಿಕೆ ತೊಳೆದು ಹೊಸ ಮಸಿ ಹಾಕಿಕೊಂಡು ಬಂದೆ. ಬರುವಷ್ಟರಲ್ಲಿ ಅವರು ಆ ಎರಡು ಸಾಲಿನ ಮೇಲೆ ಗೆರೆ ಎಳೆದಿದ್ದರು.

"ಯಾಕಪ್ಪಾ?"

"ಏಳರಾಗೆ ಒಬ್ಬಳು ನೀನು. ನನ್ನ ಸ್ವಾರ್ಥ ನಾನೇ ಬರ್ಕೊಂಡಂಗೆ ಆಗ್ತದೆ."

ಕರಡನ್ನು ನನಗೆ ಕೊಟ್ಟು ಅವರು ಸ್ಕೂಲಿಗೆ ಹೋದರು. ನಾನು ಪಡಸಾಲೆಯಲ್ಲಿ ಒಬ್ಬಳೇ ಕೂತು ಶುದ್ಧಪ್ರತಿ ಮಾಡಿದೆ. ನಲವತ್ತೊಂದು ಬರೆಯುವ ಕಾಲಂ ಬಂದಾಗ ಲೆಕ್ಕಣಿಕೆ ನಿಂತಿತು. ನಾಲ್ಕು ಮುಂದೆ, ಒಂದು ಹಿಂದೆ. ಅದನ್ನು ತಿರುಗಿಸಿ ಬರೆದರೆ ಹದಿನಾಲ್ಕು. ಯಾರೂ ನನ್ನನ್ನು ಹಿಡಿಯುತ್ತಿರಲಿಲ್ಲ, ಹಿಡಿದರೂ ಮಕ್ಕಳ ಕೈತಪ್ಪು ಎನ್ನುತ್ತಿದ್ದರು. ಹದಿನಾಲ್ಕೇ ನಿಜಕ್ಕೆ ಹತ್ತಿರವೂ ಇತ್ತು. ತಂದೆ ನನ್ನ ಪ್ರತಿಯನ್ನು ಎಂದೂ ತಿರುಗಿ ಓದುತ್ತಿರಲಿಲ್ಲ, ಅಷ್ಟು ನಂಬಿಕೆ. ಲೆಕ್ಕಣಿಕೆಯನ್ನು ಎರಡು ಸಲ ಮಸಿಗೆ ಅದ್ದಿದೆ. ಆಮೇಲೆ ನಲವತ್ತೊಂದು ಎಂದೇ ಬರೆದೆ.

ಯಾಕೆ ಹಾಗೆ ಬರೆದೆ ಎಂದು ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ತಂದೆಯ ಭಯ ಎಂದು ಒಂದು ಕಾಲಕ್ಕೆ ಹೇಳಿಕೊಂಡೆ, ಸತ್ಯ ಎಂದು ಇನ್ನೊಂದು ಕಾಲಕ್ಕೆ. ಸ್ಕೂಲು ಹೋದರೂ ನಾನು ಓದುತ್ತೇನೆ, ನಾನು ಮೇಷ್ಟರ ಮಗಳು, ಅವಳು ಓದುವುದಿಲ್ಲ ಎಂಬ ಯೋಚನೆ ಆ ಮಧ್ಯಾಹ್ನ ನನ್ನ ಮನಸ್ಸಿನಲ್ಲಿ ಒಂದು ಸಲವೂ ಬರಲಿಲ್ಲವೇ? ಬಂದಿರಲಿಲ್ಲ ಎಂದು ಧೈರ್ಯವಾಗಿ ಹೇಳಲಾರೆ.

ಆರು ತಿಂಗಳ ಮೇಲೆ, ಬೇಸಿಗೆ ರಜೆ ಮುಗಿದು ಸ್ಕೂಲು ತೆರೆಯುವ ಹೊತ್ತಿಗೆ ಆರ್ಡರು ಬಂತು. ನಮ್ಮೂರಿನ ಮಿಡ್ಲ್ ಕ್ಲಾಸುಗಳು ರದ್ದು. ತಂದೆಗೆ ಜಗಳೂರಿಗೆ ವರ್ಗ. ಅಮ್ಮ ಆರ್ಡರನ್ನು ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಎರಡೂ ಕಡೆ ತಿರುಗಿಸಿ ನೋಡಿದಳು. "ನಿಮ್ ಮಾತು ನೀವು ಉಳಿಸ್ಕೊಂಡ್ರಿ. ಆ ಹುಡುಗೀರ ಮನಿಗೆ ಹೋಗಿ ಹೇಳಾಕೆ ಮಾತ್ರ ನನ್ನ ಕಳಿಸಬ್ಯಾಡ್ರಿ" ಎಂದಳು.

ತಂದೆ ತಾವೇ ಹೋದರು. ಮೂರು ವರ್ಷದ ಹಿಂದೆ ಮಜ್ಜಿಗೆ ಕುಡಿದ ಅದೇ ಜಗಲಿಗಳಿಗೆ. ನನ್ನನ್ನು ಕರೆಯಲಿಲ್ಲ.

ನಾವು ಹೊರಡುವುದಕ್ಕೆ ಇನ್ನೂ ಮೂರು ವಾರವಿತ್ತು. ನನ್ನನ್ನು ಬಿಟ್ಟು ಉಳಿದ ಆರು ಹುಡುಗಿಯರಲ್ಲಿ ಐವರು ಅಂದಿಗೇ ಮನೆಯಲ್ಲಿ ಉಳಿದರು. ಕುರಿಯವರ ಮಗಳು ಮಾತ್ರ ಬುತ್ತಿ ಕಟ್ಟಿಕೊಂಡು ಆಚೆ ಊರಿಗೆ ನಡೆದಳು. ಮೊದಲ ದಿನ ಅವಳಪ್ಪ ಜೊತೆಗೆ ಹೋಗಿದ್ದ. ಎರಡನೆಯ ದಿನದಿಂದ ಒಬ್ಬಳೇ. ಸಂಜೆ ಬಂದು ನಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದಳು.

"ಅಲ್ಲಿ ಹುಡುಗ್ರೇ ಇಲ್ಲ ಕಣೇ. ನಮ್ ಕ್ಲಾಸ್ನಾಗೆ ನಾಲ್ಕೇ ಮಂದಿ. ನನ್ನ ಹೊರಗೆ ಪಡಸಾಲ್ಯಾಗೆ ಕುಂದ್ರಿಸ್ಯಾರೆ. ಕಿಟಕಿಯಿಂದ ಹಲಗೆ ಕಾಣ್ತದೆ. ಅಷ್ಟು ಸಾಕು ಬಿಡು."

ಒಳಗೆ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ ತಂದೆಗೆ ಅದು ಕೇಳಿಸಿತು. ಕೈ ನಿಂತದ್ದು ನಾನು ನೋಡಿದೆ. ಆಮೇಲೆ ಮತ್ತೆ ತುಂಬತೊಡಗಿದರು.

ಹನ್ನೊಂದು ದಿನ ಅವಳು ಹೋದಳು. ಹನ್ನೆರಡನೆಯ ದಿನ ಮಳೆ ಬಂದು ಹಳ್ಳ ಏರಿತು. ಮಧ್ಯಾಹ್ನ ದಾಟಲು ಹೋಗಿ ಕಾಲು ಜಾರಿದವಳನ್ನು ಕೆಳಗೆ ದನ ಮೇಯಿಸುತ್ತಿದ್ದವರು ದಡಕ್ಕೆ ಎಳೆದು ಹಾಕಿದರಂತೆ. ಪುಸ್ತಕದ ಗಂಟು ಹೋಯಿತು. ಅವಳಪ್ಪ ನಮ್ಮ ಮನೆಗೆ ಬಂದು ತಂದೆಯ ಎದುರು ನಿಂತ. ಬಯ್ಯುತ್ತಾನೆ ಎಂದುಕೊಂಡೆ. ಬಯ್ಯಲಿಲ್ಲ. "ಇನ್ನ ಸಾಕು ಮೇಷ್ಟ್ರೇ. ಇರೋದೊಂದು ಹೆಣ್ಣು" ಎಂದು ಮಾತ್ರ ಹೇಳಿ ಹೋದ.

ದಾವಣಗೆರೆಯಿಂದ ಜಗಳೂರಿಗೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದಲ್ಲಿ ಗಂಡಸರು ಇಳಿದು ತಳ್ಳುತ್ತಿದ್ದರು. ನಾಲೆ ನೋಡಿದ ಕಣ್ಣಿಗೆ ಆ ಒಣ ನೆಲ, ಕುರುಚಲು, ದೂರದೂರಕ್ಕೆ ಒಂದೊಂದು ಜಾಲಿ ಮರ. ಅಮ್ಮ ನೀರಿಗೆ ಅರ್ಧ ಮೈಲಿ ನಡೆಯಬೇಕಾಯಿತು. ಸ್ಕೂಲಿನ ಬಗ್ಗೆ ನಾನು ಯಾವ ದೂರನ್ನೂ ಹೇಳಲಾರೆ. ಹಲಗೆ ನೆಟ್ಟಗಿತ್ತು, ಮೇಷ್ಟರು ಒಳ್ಳೆಯವರು. ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ, ಬಾಗಿಲ ಪಕ್ಕ ನನಗೊಂದು ಮಣೆ. ಊಟದ ಹೊತ್ತಿನಲ್ಲಿ ಯಾವ ಸ್ಕೂಲು ಮೇಲು ಯಾವುದು ಕೀಳು ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಿಡ್ಲ್ ಸ್ಕೂಲು ಪರೀಕ್ಷೆಗೆ ಒಂದು ತಿಂಗಳಿರುವಾಗ ಸಂತೆಯಲ್ಲಿ ಅವಳನ್ನು ಕಂಡೆ. ಕುರಿ ಮಾರುವವರ ಸಾಲಿನ ಪಕ್ಕದಲ್ಲಿ ಕಂಬಳಿ ಹರಡಿಕೊಂಡು ಕೂತಿದ್ದಳು. ಕುತ್ತಿಗೆಯಲ್ಲಿ ತಾಳಿ. ಜಗಳೂರಿಗೆ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರಂತೆ, ಸೋದರಮಾವನ ಮನೆಗೆ. ನನ್ನನ್ನು ನೋಡಿ ಎದ್ದು ನಿಂತಳು.

"ಪರೀಕ್ಷೆ ಯಾವಾಗ?" ಎಂದು ಅವಳೇ ಕೇಳಿದಳು.

"ಬರೋ ತಿಂಗಳು."

"ಒಂದು ಲೆಕ್ಕ ಹೇಳು. ಕಷ್ಟದ್ದೇ ಹೇಳು."

ನಾನು ಎರಡು ತೊಟ್ಟಿ, ಮೂರು ಕೊಳಾಯಿ, ಒಂದು ತುಂಬುತ್ತದೆ ಒಂದು ಸೋರುತ್ತದೆ ಎಂಬ ಲೆಕ್ಕ ಹೇಳಿದೆ. ಅವಳು ಕಣ್ಣು ಮುಚ್ಚಿದಳು. ತುಟಿ ಅಲುಗಿತು. ಸಂತೆಯ ಗಲಾಟೆಯಲ್ಲಿ ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ. ಬಹಳ ಹೊತ್ತಾಯಿತು. ಕಣ್ಣು ಬಿಟ್ಟು ನಕ್ಕಳು.

"ಬರಲ್ಲ ಕಣೇ. ನೀರು ನಿಲ್ಲಾಕಿಲ್ಲ ಮನಸ್ನಾಗೆ."

ನನಗೆ ತಡೆಯಲಾಗಲಿಲ್ಲ. "ಆ ತಖ್ತೆ ಬರೆದದ್ದು ನಾನು" ಎಂದೆ. ಗೋಡೆಯ ಹಿಂದೆ ಕೇಳಿಸಿಕೊಂಡದ್ದು, ನಲವತ್ತೊಂದನ್ನು ತಿರುಗಿಸಬಹುದಾಗಿದ್ದದ್ದು, ಎಲ್ಲ ಹೇಳಿದೆ. ಹೊಟ್ಟೆಕಿಚ್ಚಿನ ಮಾತೊಂದನ್ನು ಬಿಟ್ಟು. ಅವಳು ಕಂಬಳಿಯ ಅಂಚಿನ ನೂಲು ಎಳೆಯುತ್ತಾ ಕೇಳಿದಳು.

"ತಿರುಗ್ಸಿದ್ರೆ ಏನಾಗ್ತಿತ್ತು? ಆ ಮೇಷ್ಟ್ರ ಬಾಣಂತಿ ಈ ಬಿಸಲಾಗೆ ಬರ್ತಿದ್ಲು" ಎಂದಳು. ಆಮೇಲೆ ಆ ನೂಲನ್ನು ಕಿತ್ತು, "ಆದ್ರೂ ತಿರುಗ್ಸಬೇಕಿತ್ತು ನೀನು" ಎಂದಳು. ಅವಳ ಗಂಡ ಕರೆದ. ಹೋದಳು. ಮತ್ತೆ ಯಾವ ಸಂತೆಯಲ್ಲೂ ಅವಳು ನನಗೆ ಸಿಗಲಿಲ್ಲ. ಮಳೆಯಿಲ್ಲದ ವರ್ಷ ಕುರಿ ಹೊಡೆದುಕೊಂಡು ಬಳ್ಳಾರಿ ಕಡೆ ಹೋದರೆಂದು ಯಾರೋ ಹೇಳಿದರು.

ನಾನು ಪರೀಕ್ಷೆಯಲ್ಲಿ ಪಾಸಾದೆ. ಫಲಿತಾಂಶ ಬಂದ ವಾರವೇ ಆಚೆ ಊರಿನ ಹೆಡ್‌ಮಾಸ್ತರಿಂದ ತಂದೆಗೆ ಕಾಗದ ಬಂತು. ಹೊಸ ಇನ್ಸ್‌ಪೆಕ್ಟರು ಹೇಳದೆ ಕೇಳದೆ ಬಂದರಂತೆ. ಬೆಂಚು ಖಾಲಿ, ಹಾಜರಿ ಪುಸ್ತಕ ತುಂಬಿದೆ. ಅಲ್ಲಿಯ ಮಿಡ್ಲ್ ಕ್ಲಾಸುಗಳನ್ನೂ ರದ್ದು ಮಾಡಿದರು, ಅವರನ್ನು ದೂರ ಎಸೆದರು. "ನಿಮ್ಮ ಎದುರಿಗೆ ಅಂದು ಪ್ರೈಮರಿ ಮಕ್ಕಳನ್ನು ಕೂರಿಸಿದ್ದೆ. ನಿಮಗೆ ಗೊತ್ತಾಗಿಯೂ ಬರೆಯಲಿಲ್ಲ ಎಂದು ನನಗೆ ಗೊತ್ತು. ಕ್ಷಮಿಸಬೇಕು" ಎಂದು ಬರೆದಿದ್ದರು. ಎಂಟು ದಿನದ ಆ ಕೂಸು ಮೊದಲ ವರ್ಷ ದಾಟದೆ ಜ್ವರದಲ್ಲಿ ತೀರಿಕೊಂಡಿತೆಂದು ಕೊನೆಯಲ್ಲಿತ್ತು.

ಹೀಗೆ ನಾಲೆಯ ಈಚೆಗೂ ಇಲ್ಲ, ಆಚೆಗೂ ಇಲ್ಲ ಎಂದಾಯಿತು.

ತಂದೆ ಕಾಗದ ಬಂದ ಮೂರನೆಯ ದಿನ ಇಲಾಖೆಗೆ ಒಂದು ಅರ್ಜಿಯ ಕರಡು ಬರೆದು ನನ್ನ ಮುಂದಿಟ್ಟರು. ತಾವು ಮಾಡಿದ ತಖ್ತೆ ತಪ್ಪಾಗಿತ್ತು, ನಮ್ಮೂರಿನ ಸ್ಕೂಲನ್ನು ಮತ್ತೆ ತೆರೆಯಬೇಕು, ಆ ತಪ್ಪಿಗೆ ತಮ್ಮ ಮೇಲೆ ಯಾವ ಕ್ರಮ ಜರುಗಿಸಿದರೂ ಒಪ್ಪಿಗೆ. ಏಳು ಬಾಲಕಿಯರ ವಿಷಯವನ್ನು ಈ ಸಲ ಮೊದಲನೆಯ ಸಾಲಿನಲ್ಲೇ ಬರೆದಿದ್ದರು.

"ಶುದ್ಧಪ್ರತಿ ಮಾಡಿಕೊಡು."

"ನೀವೇ ಬರೀರಿ" ಎಂದೆ. ತಂದೆಗೆ ನಾನು ಹಾಗೆ ಅಂದದ್ದು ಜೀವನದಲ್ಲಿ ಅದೊಂದೇ ಸಲ.

ಅವರು ತಾವೇ ಬರೆದರು. ಉತ್ತರ ಬರಲು ನಾಲ್ಕು ತಿಂಗಳಾಯಿತು. ಆ ವಿಷಯ ಮುಕ್ತಾಯವಾಗಿದೆ, ಪುನಃ ಪರಿಶೀಲಿಸಲು ಕಾರಣ ಕಾಣುವುದಿಲ್ಲ ಎಂದು ಒಂದೇ ಸಾಲು. ತಪ್ಪಿಗೆ ಕ್ರಮವನ್ನೂ ತೆಗೆದುಕೊಳ್ಳಲಿಲ್ಲ. ಅದು ಅವರನ್ನು ಹೆಚ್ಚು ಕುಗ್ಗಿಸಿತು ಎಂದು ನನ್ನ ಎಣಿಕೆ. ಶಿಕ್ಷೆ ಆಗಿದ್ದರೆ ಅವರು ಸ್ವಲ್ಪ ಎದ್ದು ಕೂರುತ್ತಿದ್ದರೇನೋ. ಆಮೇಲೆ ಅವರು ಹೇಳಬೇಕಾದಷ್ಟು ಪಾಠ ಹೇಳಿ, ಗಂಟೆ ಹೊಡೆದೊಡನೆ ಮನೆಗೆ ಬರುವ ಮೇಷ್ಟರಾದರು. ಯಾರ ಮನೆಯ ಜಗಲಿಯನ್ನೂ ಹತ್ತಲಿಲ್ಲ. ಜಗಳೂರಿನಲ್ಲಿ ನನ್ನ ನಂತರ ಅವರ ಕ್ಲಾಸಿಗೆ ಒಬ್ಬ ಹುಡುಗಿಯನ್ನೂ ಅವರು ಕರೆತರಲಿಲ್ಲ. ನಿವೃತ್ತಿಗೆ ಮೊದಲೇ ಜ್ವರ ಅವರನ್ನು ಕೊಂಡೊಯ್ಯಿತು. ಸೂಳೆಕೆರೆಯ ಬಯಲಿನಲ್ಲಿ ಹಿಡಿದ ಅದೇ ಹಳೆಯ ಜ್ವರ.

ನಾನೂ ಟ್ರೈನಿಂಗ್ ಮಾಡಿ ಮೇಷ್ಟರಾದೆ. ಸ್ವಾತಂತ್ರ್ಯ ಬಂದ ಮರುವರ್ಷ ನ್ಯಾಮತಿಯಲ್ಲಿ ಕೆಲಸದಲ್ಲಿದ್ದಾಗ, ಒಂದು ರಜೆಯಲ್ಲಿ ಆ ಊರಿಗೆ ಹೋಗಿದ್ದೆ. ಸ್ಕೂಲಿದ್ದ ಮನೆಯ ಹುಲ್ಲಿನ ಭಾಗ ಬಿದ್ದುಹೋಗಿತ್ತು. ಹೆಂಚಿನ ಭಾಗದಲ್ಲಿ ಪ್ರೈಮರಿ ಕ್ಲಾಸು ನಡೆಯುತ್ತಿತ್ತು. ಆ ಏಳರಲ್ಲಿ ಒಬ್ಬಳು ಅದೇ ಊರಿನಲ್ಲಿ ಮದುವೆಯಾಗಿದ್ದವಳು, ಕಂಕುಳಲ್ಲೊಂದು ಕೂಸನ್ನಿಟ್ಟುಕೊಂಡು ತನ್ನ ಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಗುರುತು ಹಿಡಿದಳು. ಒಳಗೆ ಕರೆದು ಕೂರಿಸಿದಳು.

"ದೊಡ್ಡ ಸ್ಕೂಲು ಮತ್ತೆ ಬರ್ತದೇನೇ ನಮ್ಮೂರಿಗೆ?" ಎಂದು ಕೇಳಿದಳು.

"ಗೊತ್ತಿಲ್ಲ. ಅರ್ಜಿ ಹಾಕಿದ್ರೆ ಬರಬಹುದು."

"ಯಾರು ಹಾಕ್ತಾರೆ?" ಎಂದಳು. ಕೇಳಿದ್ದರಲ್ಲಿ ಕೋಪವಿರಲಿಲ್ಲ. ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಒಲೆಯ ಕಡೆ ಹೋದಳು. ನಾನು ಹಾಕುತ್ತೇನೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಚನ್ನಗಿರಿಯ ಬಸ್ಸಿಗೆ ಹೊತ್ತಾಗುತ್ತಿತ್ತು.